ನರಸಿಂಹಯ್ಯನ ನಿಂಬೆಹಣ್ಣು ಸಮುದ್ರ ಕಂಡದ್ದು

ಪೀಣ್ಯದ ಮುನೇಶ್ವರ ಎಂಜಿನಿಯರಿಂಗ್ ವರ್ಕ್ಸ್ ಎಂಬ ತಗಡಿನ ಶೆಡ್ಡಿನಿಂದ ಯಾವ ಯಂತ್ರವೂ ನಿಂಬೆಹಣ್ಣಿನ ಮೇಲೆ ಹಾಯದೆ ಹೊರಗೆ ಹೋಗುವಂತಿರಲಿಲ್ಲ. ಇದು ಮಾಲೀಕ ನಲ್ಲಪ್ಪನವರ ಕಾನೂನು. ಶೆಡ್ಡು ಶುರುವಾದ ವರ್ಷ ನಿಂಬೆಹಣ್ಣಿಲ್ಲದೆ ಕಳಿಸಿದ ಒಂದು ಕಬ್ಬಿನ ಗಾಣ ಮಂಡ್ಯ ಮುಟ್ಟುವ ಮೊದಲೇ ಲಾರಿಯಿಂದ ಉರುಳಿ ಕಾಲುವೆಗೆ ಬಿದ್ದಿತ್ತು. ಹಗ್ಗ ಸರಿಯಾಗಿ ಕಟ್ಟಿರಲಿಲ್ಲ ಎಂದು ಲಾರಿಯವನು ಒಪ್ಪಿಕೊಂಡಿದ್ದ. ನಲ್ಲಪ್ಪನವರು ಒಪ್ಪಿರಲಿಲ್ಲ.

ನಿಂಬೆಹಣ್ಣಿನ ಖಾತೆ ಫೋರ್‌ಮನ್ ನರಸಿಂಹಯ್ಯನದು. ಅವನ ಅಂಗಿಯ ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲು, ಒಂದು ಪೆನ್ನು, ಒಂದು ನಿಂಬೆಹಣ್ಣು ಸದಾ ಇರುತ್ತಿದ್ದವು. ಯಂತ್ರ ಸಿದ್ಧವಾದಾಗ ಹಣ್ಣಿಗೆ ಕುಂಕುಮ ಹಚ್ಚಿ, ಕಣ್ಣು ಮುಚ್ಚಿ ಮುನೇಶ್ವರನಿಗೆ ಯಂತ್ರದ ಹೆಸರು, ತೂಕ ಮತ್ತು ಹೋಗುವ ಊರು ತಿಳಿಸಿ, ಹಣ್ಣನ್ನು ಯಂತ್ರದ ಅಡಿಗೆ ಇಟ್ಟು ಒಂದು ಗೇಣು ಮುಂದಕ್ಕೆ ತಳ್ಳಿಸುತ್ತಿದ್ದ. ಪಚಕ್ ಎಂದರೆ ಮಾಲು ಪಾಸಾಯಿತೆಂದು ಅರ್ಥ. ಹದಿನಾಲ್ಕು ವರ್ಷಗಳಲ್ಲಿ ಒಂದು ಸಲವೂ ಈ ಕೆಲಸ ತಪ್ಪಿರಲಿಲ್ಲ. ಸಾವಿರದ ಒಂಬೈನೂರ ಎಂಬತ್ತಮೂರರ ನವೆಂಬರಿನ ಒಂದು ಮಂಗಳವಾರ ತಪ್ಪಿತು.

ಅಂದು ಹೋಗಬೇಕಾಗಿದ್ದದ್ದು ಒಂದು ವಿಂಚು. ಮದರಾಸಿನ ಬಂದರಿನಲ್ಲಿ ರಿಪೇರಿಗೆ ನಿಂತಿದ್ದ ಒಂದು ಹಾಯಿಹಡಗಿನ ಲಂಗರು ಎತ್ತಲಿಕ್ಕೆಂದು ಮಾಡಿಸಿದ್ದು. ನಡುವೆ ಕಬ್ಬಿಣದ ದೊಡ್ಡ ಡ್ರಮ್ಮು, ಸುತ್ತ ತೋಳುಗಳು. ಹನ್ನೆರಡು ಜನ ನಾವಿಕರು ತೋಳಿಗೆ ಎದೆ ಕೊಟ್ಟು ಸುತ್ತು ಹಾಕಿದರೆ ಸರಪಳಿ ಮೇಲೆ ಬರಬೇಕು. ಡ್ರಮ್ಮಿನ ಬುಡದ ಹಲ್ಲುಚಕ್ರಗಳನ್ನು ಸ್ವತಃ ನರಸಿಂಹಯ್ಯ ಕೊರೆದಿದ್ದ. ಹಲ್ಲಿಗೆ ಹಲ್ಲು ಕೂತರೆ ನಡುವೆ ಕೂದಲೆಳೆ ತೂರಿಸಲು ಜಾಗವಿರಲಿಲ್ಲ.

ವಿಂಚು ಒಯ್ಯಲು ಹಡಗಿನ ಕಡೆಯ ಅಧಿಕಾರಿ ಬಂದದ್ದು ಮಧ್ಯಾಹ್ನ ಮೂರು ಗಂಟೆಗೆ. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ನರಸಿಂಹಯ್ಯ ಹಣ್ಣಿಗೆ ಕುಂಕುಮ ಹಚ್ಚಿ, ಮುನೇಶ್ವರನಿಗೆ ವಿಷಯ ತಿಳಿಸಿ, ಗಡಿಯಾರ ನೋಡುತ್ತ ನಿಂತ.

"ಸಾರ್, ಒಂದೂವರೆ ಗಂಟೆ ತಡೀರಿ. ಕಾಫಿ ತರಿಸ್ತೀನಿ."

"ಒಂದೂವರೆ ಗಂಟೆ ಕುಡಿಯೋಕೆ ಅದೇನು ಕಾಫೀನಾ, ಕೆರೇನಾ?" ಎಂದ ಅಧಿಕಾರಿ, ಕ್ರೇನಿನವನಿಗೆ ಕೈ ಬೀಸಿದ. ವಿಂಚು ಮೇಲೆದ್ದಿತು, ಲಾರಿಯಲ್ಲಿ ಕೂತಿತು, ಹೋಯಿತು. ರಾಹುಕಾಲ ಮುಗಿದಾಗ ನಿಂಬೆಹಣ್ಣು ನರಸಿಂಹಯ್ಯನ ಕೈಯಲ್ಲಿತ್ತು, ವಿಂಚು ಹೊಸಕೋಟೆ ದಾಟಿತ್ತು.

ಐದು ಗಂಟೆಗೆ ನಲ್ಲಪ್ಪನವರು ಬಂದರು. "ಏನಯ್ಯಾ, ನಿಂಬೆಹಣ್ಣು ಆಯ್ತಾ?"

ಇಲ್ಲ ಎನ್ನಬೇಕೆಂದೇ ನರಸಿಂಹಯ್ಯ ಬಾಯಿ ತೆರೆದದ್ದು. ಆದರೆ ಬಾಯಿಗಿಂತ ಮೊದಲು ತಲೆ ಆಡಿಬಿಟ್ಟಿತು, ಅದೂ ಹೌದೆಂಬಂತೆ. ಹದಿನಾಲ್ಕು ವರ್ಷದ ಅಭ್ಯಾಸ.

ಮುನೇಶ್ವರನಿಗೆ ಒಪ್ಪಿಸಿದ ಹಣ್ಣನ್ನು ಎಸೆಯುವಂತಿಲ್ಲ, ಚಿತ್ರಾನ್ನಕ್ಕೆ ಹಿಂಡುವಂತೆಯೂ ಇಲ್ಲ. ನರಸಿಂಹಯ್ಯ ಅದನ್ನು ಮನೆಗೆ ತಂದು ದೇವರ ಗೂಡಿನಲ್ಲಿ ವೆಂಕಟರಮಣನ ಪಟದ ಹಿಂದೆ ಇಟ್ಟ. ಅಲ್ಲಿಂದ ಅವನಿಗೆ ಊಟ ಸೇರದಾಯಿತು, ನಿದ್ದೆ ಹತ್ತದಾಯಿತು. ವಿಂಚು ಕೈಕೊಟ್ಟರೆ ಶೆಡ್ಡಿನ ಹೆಸರು ಹೋಗುತ್ತದೆ. ಹಣ್ಣು ಇಟ್ಟಿರಲಿಲ್ಲವೆಂದು ತಿಳಿದರೆ ತನ್ನ ಹೆಸರೂ ಅದರ ಹಿಂದೆಯೇ ಹೋಗುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಭಯ ಭಾವಮೈದುನ ಕೃಷ್ಣಸ್ವಾಮಿಯದು. ಅವನು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವನು. ಅವರಿಗೆ ಬಸ್ಸು, ಕ್ಯಾಂಟೀನು, ಬ್ಯಾಂಡ್‌ಸೆಟ್ಟು ಎಲ್ಲ ಇದ್ದವು. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದಾಗಲೆಲ್ಲ, ನರಸಿಂಹಯ್ಯ ಪ್ರೀತಿಯಿಂದ ತೋರಿಸಿದ ಯಾವುದೋ ಹಲ್ಲುಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, "ನಡೆಯುತ್ತೆ ಬಿಡಿ ಭಾವ, ಶೆಡ್ಡಿನ ಮಾಲಿಗೆ ಇಷ್ಟು ಸಾಕು" ಅನ್ನುತ್ತಿದ್ದ. ಬೈದಿದ್ದರೆ ನರಸಿಂಹಯ್ಯ ತಡೆದುಕೊಳ್ಳುತ್ತಿದ್ದ.

ಹೀಗೆ ಮೂರು ತಿಂಗಳು ಕಳೆದ ಮೇಲೆ ಹಡಗಿನಿಂದ ಕಾಗದ ಬಂತು. ಮದರಾಸಿನಲ್ಲಿ ಹಾಯಿಹಡಗುಗಳ ಹಬ್ಬವಂತೆ. ಹೊರದೇಶದವೂ ಸೇರಿ ಒಂಬತ್ತು ಹಡಗುಗಳು ಸಾಲಾಗಿ ಹೊರಡುತ್ತವಂತೆ. ಹೊಸ ವಿಂಚಿನಿಂದ ಮೊದಲ ಸಲ ಲಂಗರು ಎತ್ತುವುದು ಆ ದಿನವೇ. ಆದ್ದರಿಂದ ಅದನ್ನು ಮಾಡಿದವರಲ್ಲಿ ಮೂರು ಜನ ಬಂದು, ಬಿಳಿ ಉಡುಪು ತೊಟ್ಟು, ಆ ಒಂದು ದಿನದ ಮಟ್ಟಿಗೆ ಹಡಗಿನ ಸಿಬ್ಬಂದಿಯಾಗಿ ನಿಲ್ಲಬೇಕೆಂದು ಕ್ಯಾಪ್ಟನ್ನರ ಕೋರಿಕೆ.

ನಲ್ಲಪ್ಪನವರು ಕಾಗದವನ್ನು ಮುನೇಶ್ವರನ ಪಟಕ್ಕೆ ತೋರಿಸಿ, "ನಾನು, ನೀನು, ವೆಲ್ಡರ್ ಚಿಕ್ಕಬೈರಪ್ಪ" ಎಂದು ಅಲ್ಲೇ ಮೂವರನ್ನು ಆರಿಸಿದರು. ನರಸಿಂಹಯ್ಯನ ಮುಖ ಬಿಳಿಚಿಕೊಂಡಿತು. ನೋಡಿದವರೆಲ್ಲ ಅದಕ್ಕೆ ಒಂದೇ ಅರ್ಥ ಮಾಡಿದರು: ಪಾಪ, ಇವರಿಗೆ ನೀರು ಕಂಡರೆ ಭಯ.

ಈ ಸುದ್ದಿಯನ್ನು ನರಸಿಂಹಯ್ಯನಿದ್ದ ವಠಾರಕ್ಕೆ ತಂದವನು ಚಿಕ್ಕಬೈರಪ್ಪ. ವಠಾರದ ಮಾಲೀಕ ಬೈರಪ್ಪ ಅವನ ಅಣ್ಣ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಎಂಟು ಮನೆಯ ಸಾಲು ಕಟ್ಟಿಸಿ ಬಾಡಿಗೆಗೆ ಬಿಟ್ಟವನು. ಬಾಡಿಗೆದಾರನೊಬ್ಬ ಸಮುದ್ರದಲ್ಲಿ ಮುಳುಗುವುದನ್ನು ಅವನು ಸುಮ್ಮನೆ ನೋಡುವವನಲ್ಲ. ಸಂಜೆಗೇ ಬಂದು ಜಗಲಿಯ ಮೇಲೆ ಕೂತ.

"ಸ್ವಾಮೇರಾ, ಅಡಗಿನ ಮ್ಯಾಲೆ ಓಯ್ತೀರಂತೆ. ಈಜು ಬತ್ತದಾ?"

"ಈಜೋದೇನಕ್ಕೆ ಬೈರಪ್ಪ? ಹಡಗಿನ ಮೇಲೆ ನಿಂತ್ಕೊಂಡಿರೋದಷ್ಟೆ."

"ಎಲ್ರೂ ಮೊದ್ಲು ನಿಂತ್ಕಂಡೇ ಇರ್ತಾರೆ. ಬೀಳಾದು ಆಮ್ಯಾಕೆ."

ನರಸಿಂಹಯ್ಯನಿಗೆ ನಿಜ ಹೇಳಿ ಮುಗಿಸಬೇಕೆನಿಸಿತು. ಆದರೆ ತಮ್ಮ ಶೆಡ್ಡಿನಲ್ಲಿದ್ದಾನೆ, ಅಣ್ಣನಿಗೆ ಹೇಳಿದ್ದು ಬೆಳಗಾಗುವುದರೊಳಗೆ ನಲ್ಲಪ್ಪನವರ ಕಿವಿ ಮುಟ್ಟುತ್ತದೆ. ನೀರಿನ ಭಯವೆಂದೇ ಇರಲಿ ಎಂದು ಸುಮ್ಮನಾದ. ಮೌನಂ ಸಮ್ಮತಿ ಲಕ್ಷಣಂ ಎಂದು ಬೈರಪ್ಪನಿಗೂ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ನರಸಿಂಹಯ್ಯನ ಸೊಂಟಕ್ಕೆ ಎತ್ತಿನ ಹಗ್ಗ ಕಟ್ಟಿ, ತನ್ನ ತೋಟದ ಬಾವಿಗೆ ಇಳಿಸಿದ. ಎಂಟು ಮನೆಯವರೂ ಬಾವಿಯ ಸುತ್ತ ನಿಂತರು. ಬೈರಪ್ಪನ ತಾಯಿ ಪಿಳ್ಳಮ್ಮ, "ಉಷಾರು ಕಣಪ್ಪಾ, ಆ ಮೂಲೇಲಿ ಆಮೆ ಐತೆ" ಎಂದು ಧೈರ್ಯ ತುಂಬಿದಳು. ನರಸಿಂಹಯ್ಯ ಮೆಟ್ಟಿಲಿಳಿದು, ನೀರು ಮೊಣಕಾಲಿಗೆ ಬಂದ ಕೂಡಲೇ, "ಸಾಕು ಬೈರಪ್ಪ, ಈಜು ಬಂದ್ಬಿಡ್ತು" ಎಂದ.

"ಮೊಣಕಾಲುದ್ದದ ಸಮುದ್ರ ಎಲ್ಲೂ ಇಲ್ಲ ಸ್ವಾಮೇರಾ!"

ಪಾಠ ಅಲ್ಲಿಗೆ ಮುಗಿಯಿತು. ಬೈರಪ್ಪ ಸೋಲುವವನಲ್ಲ. ಮರುದಿನ ಲಾರಿಯ ಚಕ್ರದ ಒಂದು ಹಳೆಯ ಟ್ಯೂಬು ತಂದು ಬಾಗಿಲಿಗೆ ಒರಗಿಸಿದ. ಎರಡು ಪಂಕ್ಚರ್ ಹಾಕಿಸಿದ್ದೇನೆ, ಇನ್ನು ಹತ್ತು ವರ್ಷ ಯೋಚನೆಯಿಲ್ಲ, ಬರುವಾಗ ವಾಪಸು ತನ್ನಿ ಎಂದ.

ಹೊರಡುವ ಹಿಂದಿನ ದಿನ ನಲ್ಲಪ್ಪನವರಿಗೆ ಸೇಲ್ಸ್ ಟ್ಯಾಕ್ಸ್ ಆಫೀಸಿನಿಂದ ಕರೆ ಬಂತು. ಅವರ ಬದಲು ಇಂಗ್ಲಿಷ್ ಬಲ್ಲವರೊಬ್ಬರು ಬೇಕು. ನರಸಿಂಹಯ್ಯನ ಹೆಂಡತಿ ವತ್ಸಲಾ ಹಿಂದುಮುಂದು ನೋಡದೆ ಹೇಳಿದಳು: "ನಮ್ಮ ಕಿಟ್ಟಿ ಇದಾನಲ್ಲ. ನೀರು ಕಂಡರೆ ನಡುಗ್ತಾರೆ, ಇವರೊಬ್ರನ್ನೇ ಕಳ್ಸಕ್ಕಾಗತ್ತಾ?" ಹೀಗೆ ಯಾರ ಕಣ್ಣಿಗೆ ಬೀಳಬಾರದಿತ್ತೋ ಅವನೇ, ಕೃಷ್ಣಸ್ವಾಮಿಯೇ, ಕೂಲಿಂಗ್ ಗ್ಲಾಸು ಹಾಕಿಕೊಂಡು ಜೊತೆಗೆ ಹೊರಟ. ನರಸಿಂಹಯ್ಯ ಕಡೆಯ ಗಳಿಗೆಯಲ್ಲಿ ವೆಂಕಟರಮಣನ ಪಟದ ಹಿಂದೆ ಕೈ ಹಾಕಿ ನಿಂಬೆಹಣ್ಣು ತೆಗೆದು ಜೇಬಿಗಿಳಿಸಿದ. ತಡವಾದರೂ ಪರವಾಗಿಲ್ಲ, ಲಂಗರು ಎತ್ತುವ ಮೊದಲು ಸಲ್ಲಿಸಿಬಿಟ್ಟರೆ ಮುನೇಶ್ವರನ ಬಾಕಿಯೂ ತೀರಿತು, ತಲೆಯಾಡಿಸಿದ ಸುಳ್ಳೂ ತೀರಿತು. ಹೊಸ ಹಣ್ಣು ಕೊಳ್ಳಬಹುದಿತ್ತು. ಆದರೆ ವಿಂಚಿನ ಹೆಸರಿನಲ್ಲಿ ಒಪ್ಪಿಸಿದ್ದು ಇದೊಂದನ್ನೇ. ಮೂರು ತಿಂಗಳಲ್ಲಿ ಅದು ಒಣಗಿ ಕಪ್ಪಾಗಿ ಗೋಲಿಯಂತೆ ಗಟ್ಟಿಯಾಗಿತ್ತು. ಅಳತೆಯಲ್ಲಿ ಸವೆದರೂ ಭಕ್ತಿಯಲ್ಲಿ ಸವೆದಿಲ್ಲವೆಂದು ಅವನ ನಂಬಿಕೆ.

ಮದರಾಸಿನ ಪ್ರಯಾಣದ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಟ್ಯೂಬಿಗೆ ರೈಲಿನಲ್ಲಿ ಬೇರೆ ಟಿಕೆಟ್ ತೆಗೆಸಿದರು. ಇಳಿದ ಮೇಲೆ ಚಿಕ್ಕಬೈರಪ್ಪ ಒಂದು ಸೈಕಲ್ ಅಂಗಡಿ ಹುಡುಕಿ ಅದಕ್ಕೆ ಗಾಳಿ ತುಂಬಿಸಿ ಹೆಗಲಿಗೆ ಹಾಕಿಕೊಂಡ. ಅವರ ಹಡಗು ದಡದಿಂದ ಸ್ವಲ್ಪ ದೂರದಲ್ಲಿ ಲಂಗರು ಹಾಕಿ ನಿಂತಿತ್ತು. ಅಲ್ಲಿಗೆ ಒಯ್ಯುವ ದೋಣಿಯ ಹತ್ತಿರ ಕಾವಲಿನವನು ತಡೆದ.

"ಇದೇನು?" ಎಂದ ಹಿಂದಿಯಲ್ಲಿ.

"ಟ್ಯೂಬು" ಎಂದ ಚಿಕ್ಕಬೈರಪ್ಪ ಕನ್ನಡದಲ್ಲಿ.

"ಹಡಗಿಗೆ ಟ್ಯೂಬು ಯಾಕೆ?"

ಕೃಷ್ಣಸ್ವಾಮಿ ತನಗೂ ಈ ಇಬ್ಬರಿಗೂ ಸಂಬಂಧವಿಲ್ಲವೆಂಬಂತೆ ಆಕಾಶ ನೋಡುತ್ತ ನಿಂತ. ಕಾವಲಿನವನು ಮೇಲಧಿಕಾರಿಯನ್ನು ಕರೆದ, ಅವನು ಇನ್ನೊಬ್ಬನನ್ನು ಕರೆದ. ಮೂವರೂ ಟ್ಯೂಬನ್ನು ತಟ್ಟಿದರು, ಒತ್ತಿದರು, ಮೂಸಿದರು. ಇದು ಸ್ಫೋಟಕವಲ್ಲ, ಬರೀ ದಡ್ಡತನ ಎಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ದೋಣಿಗೆ ಹೊತ್ತಾಯಿತು. ಈ ಗಲಾಟೆಯಲ್ಲಿ ನರಸಿಂಹಯ್ಯನ ಜೇಬನ್ನು ಯಾರೂ ನೋಡಲಿಲ್ಲ.

ಹಡಗು ಹತ್ತಿದ ಮೇಲೆ ಬಿಳಿ ಉಡುಪು ಕೊಟ್ಟರು. ಚಿಕ್ಕಬೈರಪ್ಪನಿಗೆ ಅದು ಸರಿಯಾಗಿ ಕೂತಿತು, ಕೃಷ್ಣಸ್ವಾಮಿಗೆ ಹೊಟ್ಟೆಯ ಹತ್ತಿರ ಗುಂಡಿ ಸೇರಲಿಲ್ಲ, ನರಸಿಂಹಯ್ಯ ಒಳಗೆಲ್ಲೋ ಕಳೆದುಹೋದ. ಅವನು ಸಮುದ್ರದ ಮೇಲೆ ಬಂದದ್ದು ಇದೇ ಮೊದಲು. ಬಂದರಿನ ತುಂಬ ಹಡಗುಗಳು, ಒಂದೊಂದರ ಮೇಲೂ ಮೂರು ಮೂರು ಕಂಬ, ಕಂಬದ ಅಡ್ಡತೊಲೆಗಳ ಮೇಲೆ ಸಾಲಾಗಿ ನಿಂತ ಹುಡುಗರು. ಬೇರೆಯವರಾಗಿದ್ದರೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನರಸಿಂಹಯ್ಯ ವಿಂಚು ಎಲ್ಲಿದೆ ಎಂದು ನೋಡಿದ.

ವಿಂಚು ಹಡಗಿನ ಮೂತಿಯ ಹತ್ತಿರ, ಹಸಿರು ಬಣ್ಣ ಬಳಿಸಿಕೊಂಡು ಕೂತಿತ್ತು. ಮಗಳನ್ನು ಗಂಡನ ಮನೆಯಲ್ಲಿ ಕಂಡಂತಾಯಿತು ಅವನಿಗೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಆಗ ಎದುರಾಯಿತು ಸಮಸ್ಯೆ. ಹಣ್ಣಿನ ಮೇಲೆ ಯಂತ್ರ ಹಾಯಬೇಕು. ಈ ಯಂತ್ರವನ್ನೋ ಹದಿನಾರು ಬೋಲ್ಟು ಹಾಕಿ ನೆಲಕ್ಕೆ ಬಿಗಿದಿದ್ದಾರೆ. ಹಡಗಿಗೇ ಸಲ್ಲಿಸೋಣವೆಂದರೆ ಅದಕ್ಕೆ ಚಕ್ರವಿಲ್ಲ. ಚಲಿಸುವುದು ಒಂದೇ, ಒಳಗಿನ ಹಲ್ಲುಚಕ್ರ. ಅಲ್ಲಿಟ್ಟರೆ ಮೊದಲ ಸುತ್ತಿಗೇ ಪಚಕ್ ಎನ್ನುತ್ತದೆ, ಯಾರಿಗೂ ತಿಳಿಯುವುದಿಲ್ಲ. ಗ್ರೀಸು ಹಾಕುವ ಪುಟ್ಟ ಬಾಗಿಲು ತೆರೆದು, ಹಲ್ಲುಗಳ ನಡುವೆ ಹಣ್ಣಿಟ್ಟು, ಬಾಗಿಲು ಮುಚ್ಚಿ, ಮೂರು ತಿಂಗಳ ನಂತರ ಮೊದಲ ಸಲ ಎದೆ ತುಂಬ ಉಸಿರೆಳೆದುಕೊಂಡ.

ಹತ್ತು ಗಂಟೆಗೆ ಬ್ಯಾಂಡು ಶುರುವಾಯಿತು. ದಡದಲ್ಲಿ ಮುಖ್ಯ ಅತಿಥಿಗಳು ಬಾವುಟ ಬೀಸಿದರು. ಮೊದಲ ಹಡಗು ಹೊರಟಿತು, ಎರಡನೆಯದು ಹೊರಟಿತು, ಮೂರನೆಯದು ಇವರದು. ಕ್ಯಾಪ್ಟನ್ ಬೆಳ್ಳಿಗಡ್ಡದ ಎತ್ತರದ ಮನುಷ್ಯ. ಅವರು ಕೈಯೆತ್ತಿದರು. ಹನ್ನೆರಡು ನಾವಿಕರು ತೋಳಿಗೆ ಎದೆ ಕೊಟ್ಟರು. ವಿಂಚು ಅರ್ಧ ಅಡಿ ತಿರುಗಿ, ಕಟಕ್ ಎಂದು ನಿಂತಿತು.

ಇನ್ನೊಮ್ಮೆ ನೂಕಿದರು. ಅಲುಗಲಿಲ್ಲ. ಇನ್ನೂ ನಾಲ್ವರು ಬಂದರು. ಚಿಕ್ಕಬೈರಪ್ಪನೂ ಹೋಗಿ ಹೆಗಲು ಕೊಟ್ಟ. ಕಲ್ಲುಗುಂಡಿನಂತೆ ಕೂತಿತ್ತು. ಹಿಂದಿನ ಹಡಗು ಭೋಂ ಎಂದು ಕೂಗಿತು. ಅದರ ಹಿಂದಿನದು ಇನ್ನೂ ದೊಡ್ಡದಾಗಿ ಕೂಗಿತು. ಬ್ಯಾಂಡಿನವರು ನುಡಿಸಿದ ಹಾಡನ್ನೇ ಎರಡನೆಯ ಸಲ ಶುರು ಮಾಡಿದರು.

ಹಡಗಿನ ಎಂಜಿನಿಯರು ಟಾರ್ಚು ಹಿಡಿದು ಬಂದು ಬಗ್ಗಿ ನೋಡಿ ತಲೆಯಾಡಿಸಿದ. "ಹಲ್ಲುಚಕ್ರ ಸರಿಯಿಲ್ಲ. ಕೊರೆಯೋಕೆ ಬಾರದವರು ಕೊರೆದದ್ದು. ಹೀಗೇ ರಿಪೋರ್ಟ್ ಬರೀತೀನಿ" ಎಂದ ಇಂಗ್ಲಿಷಿನಲ್ಲಿ. ಕೃಷ್ಣಸ್ವಾಮಿ ಅದನ್ನು ಭಾವನಿಗೆ ಕನ್ನಡಿಸಿ, ಕೊನೆಗೆ ತನ್ನದೂ ಒಂದು ಸೇರಿಸಿದ: "ನಾನು ಹೇಳ್ತಾನೇ ಇರ್ಲಿಲ್ವಾ ಭಾವ? ಶೆಡ್ಡಿನ ಮಾಲು."

ನರಸಿಂಹಯ್ಯ ಬಾಯಿ ಮುಚ್ಚಿಕೊಂಡಿದ್ದರೆ ಹಣ್ಣಿನ ವಿಷಯ ಹಲ್ಲುಚಕ್ರದಲ್ಲೇ ಉಳಿಯುತ್ತಿತ್ತೋ ಏನೋ. ರಿಪೋರ್ಟು ಹೋಗುತ್ತಿತ್ತು, ನಲ್ಲಪ್ಪನವರ ಶೆಡ್ಡಿಗೆ ಹಡಗಿನ ಕೆಲಸ ಮತ್ತೆ ಬರುತ್ತಿರಲಿಲ್ಲ, ಅವನೊಬ್ಬನ ಮಾನ ಉಳಿಯುತ್ತಿತ್ತು. ಆದರೆ ತಾನು ಹನ್ನೊಂದು ದಿನ ಕೂತು ಕೊರೆದ ಹಲ್ಲುಗಳನ್ನು ಕೊರೆಯಲು ಬಾರದವನ ಕೆಲಸ ಎಂದದ್ದನ್ನು ಅವನಿಂದ ಸಹಿಸಲಾಗಲಿಲ್ಲ. ದೊಗಳೆ ಅಂಗಿಯ ತೋಳನ್ನು ಮೇಲೇರಿಸಿಕೊಂಡು ನೇರ ಕ್ಯಾಪ್ಟನ್ನರ ಮುಂದೆ ಹೋಗಿ ನಿಂತ. ಜನ್ಮದಲ್ಲಿ ಆಡಿದ ಅತಿ ಉದ್ದದ ಇಂಗ್ಲಿಷ್ ಭಾಷಣ ಆಡಿದ.

"ಸಾರ್. ವಿಂಚ್ ನೋ ಫಾಲ್ಟ್. ಲೆಮನ್ ಫಾಲ್ಟ್. ಐ ಪುಟ್."

ಹಿಂದಿನ ಹಡಗು ಇನ್ನೊಮ್ಮೆ ಕೂಗಿತು. ನರಸಿಂಹಯ್ಯ ಬಾಗಿಲು ತೆರೆದು, ಡ್ರಮ್ಮನ್ನು ಎರಡಂಗುಲ ಹಿಂದಕ್ಕೆ ತಿರುಗಿಸಲು ಹೇಳಿ, ಉಳಿ ಹಾಕಿ ಮೀಟಿ, ಕಪ್ಪು ಗೋಲಿಯನ್ನು ಹೊರಗೆ ತೆಗೆದು ಕ್ಯಾಪ್ಟನ್ನರ ಅಂಗೈ ಮೇಲಿಟ್ಟ. ಎಂಜಿನಿಯರು ಹಲ್ಲುಗಳ ಮೇಲೆ ಟಾರ್ಚು ಬಿಟ್ಟು ನೋಡಿದ. ಹದಿನೇಳು ಜನ ಹೀಗೆ ನೂಕಿದರೂ ಒಂದು ಹಲ್ಲಿಗೂ ಗೀರು ಬಿದ್ದಿರಲಿಲ್ಲ. ಅವನೇ ಅದನ್ನು ಹೇಳಿದ, ಸ್ವಲ್ಪ ಮೆಲ್ಲಗೆ.

"ಯಾಕಿಟ್ಟೆ?" ಎಂದರು ಕ್ಯಾಪ್ಟನ್.

ಇದಕ್ಕೆ ಉತ್ತರ ಮೂರು ಪದದ ಇಂಗ್ಲಿಷಿನಲ್ಲಿ ಆಗುವಂಥದಲ್ಲ. ನರಸಿಂಹಯ್ಯ ಭಾವಮೈದುನನ ಮುಖ ನೋಡಿದ. ಕೃಷ್ಣಸ್ವಾಮಿ ಮತ್ತೆ ಆಕಾಶ ನೋಡಲು ಹೊರಟಿದ್ದ. ಅದು ಸಾಧ್ಯವಾಗಲಿಲ್ಲ, ಹಡಗಿನವರೆಲ್ಲ ಅವನನ್ನೇ ನೋಡುತ್ತಿದ್ದರು. ನರಸಿಂಹಯ್ಯ ಹೇಳುತ್ತ ಹೋದ, ಇವನು ಇಂಗ್ಲಿಷಿಗೆ ತಿರುಗಿಸುತ್ತ ಹೋದ. ರಾಹುಕಾಲ, ಲಾರಿ, ಆಡಿದ ತಲೆ, ವೆಂಕಟರಮಣನ ಪಟದ ಹಿಂದಿನ ಮೂರು ತಿಂಗಳು. ಮೊದಮೊದಲು ಕೃಷ್ಣಸ್ವಾಮಿ "ಇವರು ಹೇಳುತ್ತಾರೆ, ಇವರು ಹೇಳುತ್ತಾರೆ" ಎಂದೇ ಹೇಳುತ್ತಿದ್ದ. ಅಷ್ಟರಲ್ಲಿ ಎಂಜಿನಿಯರು ಫಕ್ಕನೆ ನಕ್ಕ. "ಪೀಣ್ಯದ ಶೆಡ್ಡಿನವರು ಇನ್ನೂ ಹೀಗೇ ಇದ್ದಾರಾ!"

ಶೆಡ್ಡಿನವರು ಎಂಬ ಮಾತನ್ನು ಆ ಧಾಟಿಯಲ್ಲಿ ಆಡುವ ಹಕ್ಕು ತನಗೊಬ್ಬನಿಗೇ ಇದೆಯೆಂದು ಕೃಷ್ಣಸ್ವಾಮಿ ತಿಳಿದಿದ್ದ. ಇನ್ನೊಬ್ಬನ ಬಾಯಲ್ಲಿ ಕೇಳಿ ಅವನಿಗೆ ಮೈ ಉರಿದುಹೋಯಿತು.

"ಯಾಕೆ ಸಾರ್ ನಗ್ತೀರಿ?" ಎಂದ, ಇಂಗ್ಲಿಷಿನಲ್ಲಿ, ಕೂಲಿಂಗ್ ಗ್ಲಾಸು ತೆಗೆದು. "ನಮ್ಮ ಫ್ಯಾಕ್ಟರೀಲಿ ಏಳು ಸಾವಿರ ಜನ ಇದೀವಿ. ಆಯುಧಪೂಜೆ ದಿನ ಒಂದು ಲಾರಿ ನಿಂಬೆಹಣ್ಣು ತರಿಸ್ತೀವಿ. ಇನ್‌ಸ್ಪೆಕ್ಷನ್ ವಿಭಾಗದ್ದು ಇಡೋನು ನಾನೇ. ಇವರು ನಮ್ಮ ಭಾವ. ಆ ಹಲ್ಲು ಕೊರೆದದ್ದು ಇವರೇ. ನಮ್ಮಲ್ಲಿ ಅಂಥ ಹಲ್ಲು ಕೊರೆಯೋರು ಒಬ್ಬರೂ ಇಲ್ಲ."

ಅಷ್ಟು ಹೇಳಿ ತನ್ನ ಮಾತಿಗೆ ತಾನೇ ಬೆಚ್ಚಿಬಿದ್ದ. ನರಸಿಂಹಯ್ಯನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ "ಭಾವ" ಎಂಬ ಪದವೊಂದನ್ನು ಕೃಷ್ಣಸ್ವಾಮಿ ಇಂಗ್ಲಿಷಿನ ನಡುವೆ ಕನ್ನಡದಲ್ಲೇ ಉಳಿಸಿದ್ದ. ಅಷ್ಟು ಕೇಳಿಸಿತು.

ಕ್ಯಾಪ್ಟನ್ ಒಣಗಿದ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. "ನನ್ನ ಹಡಗಿನ ನಡುಗಂಬದ ಬುಡದಲ್ಲಿ ಒಂದು ಬೆಳ್ಳಿ ರೂಪಾಯಿ ಇದೆ" ಎಂದರು. "ಕಂಬ ನಿಲ್ಲಿಸಿದ ಮುದುಕ ಇಟ್ಟದ್ದು. ನಾವ್ಯಾರೂ ತೆಗೆದಿಲ್ಲ, ತೆಗೆಯೋದೂ ಇಲ್ಲ." ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಇಡೀ ಬಂದರಿಗೆ ಕೇಳಿಸುವಂತೆ ಕೂಗಿದರು: "ಒಂದು ನಿಂಬೆಹಣ್ಣು! ತಾಜಾ ಇರಲಿ!"

ಅಡುಗೆಯವನು ಓಡಿ ಬಂದ. ನರಸಿಂಹಯ್ಯ ಕಣ್ಣು ಮುಚ್ಚಿ ಮುನೇಶ್ವರನಿಗೆ ಯಂತ್ರದ ಹೆಸರು, ತೂಕ ತಿಳಿಸಿದ. ಊರಿನ ಹೆಸರು ಬರುವಲ್ಲಿ ಸಮುದ್ರ ಎಂದು, ಹಣ್ಣನ್ನು ಹಲ್ಲುಗಳ ನಡುವೆ ಇಟ್ಟ. ನಾವಿಕರು ನೂಕಿದರು. ಪಚಕ್. ಸರಪಳಿ ಗಡಗಡನೆ ಮೇಲೆ ಬಂತು, ಹಾಯಿ ಬಿಚ್ಚಿಕೊಂಡವು, ಹಡಗು ಇಪ್ಪತ್ತೆರಡು ನಿಮಿಷ ತಡವಾಗಿ ಹೊರಟಿತು. ಹಡಗಿನ ದಿನಚರಿ ಪುಸ್ತಕದಲ್ಲಿ ತಡಕ್ಕೆ ಕಾರಣ ಬರೆಯಲೇಬೇಕಂತೆ. "ಹಣ್ಣು" ಎಂದು ಬರೆದರು. ಹಿಂದೆ ಕಾದಿದ್ದ ಹೊರದೇಶದ ಹಡಗಿನವರು ಇದೆಲ್ಲ ಹಬ್ಬದ ಕಾರ್ಯಕ್ರಮವೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ನರಸಿಂಹಯ್ಯ ಆಗ ಸಮುದ್ರ ನೋಡಿದ. ಚೆನ್ನಾಗಿತ್ತು.

ಪೀಣ್ಯಕ್ಕೆ ಬಂದ ದಿನವೇ ಅವನು ನಲ್ಲಪ್ಪನವರ ಮುಂದೆ ನಿಂತು ತಲೆ ಆಡಿಸದೆ ಬಾಯಿಂದಲೇ ನಿಜ ಹೇಳಿದ. ನಲ್ಲಪ್ಪನವರು ಒಂದು ವಾರ ಮಾತು ಬಿಟ್ಟರು. ಬೈರಪ್ಪ ಮೊದಲು ಕೇಳಿದ್ದೇ ಟ್ಯೂಬಿನ ವಿಷಯ. ಅದು ಹಡಗಿನಲ್ಲೇ ಮರೆತುಹೋಗಿತ್ತು. "ಓಗ್ಲಿ ಬುಡಿ, ಪಾಪ ಅವ್ರಿಗೂ ಬೇಕಾಯ್ತದೆ" ಎಂದು ದೊಡ್ಡ ಮನಸ್ಸು ಮಾಡಿದ.

ಎಂಟನೆಯ ದಿನ ಹಡಗಿನಿಂದ ಮತ್ತೊಂದು ವಿಂಚಿಗೆ ಆರ್ಡರು ಬಂತು. ಜೊತೆಗೆ ಬಿಡಿಭಾಗಗಳ ಪಟ್ಟಿ. ಹದಿನಾರು ಬೋಲ್ಟು, ಎಂಟು ತೋಳು, ಎರಡು ಹಲ್ಲುಚಕ್ರ ಎಲ್ಲ ಆದ ಮೇಲೆ ಕೊನೆಯ ಸಾಲು: ನಿಂಬೆಹಣ್ಣು, ಒಂದು, ತಾಜಾ, ಪೀಣ್ಯದಲ್ಲೇ ಬಳಸತಕ್ಕದ್ದು. ಪಟ್ಟಿಯಲ್ಲಿದ್ದ ಮೇಲೆ ಅದಕ್ಕೂ ಪರೀಕ್ಷೆ ಆಗಲೇಬೇಕು. ಮಾಲು ಹೊರಡುವ ದಿನ ಒಬ್ಬ ಸರ್ಕಾರಿ ಇನ್‌ಸ್ಪೆಕ್ಟರು ಬಂದು, ಬೋಲ್ಟು ಎಣಿಸಿ, ಹಲ್ಲು ಅಳೆದು, ಕೊನೆಯ ಸಾಲಿಗೆ ಬಂದು ಪೆನ್ನು ಹಿಡಿದು ನಿಂತ.

"ಇದಕ್ಕೆ ಅಳತೆ ಎಷ್ಟು?"

"ರಸ ಇರ್ಬೇಕು ಸಾರ್. ಅಷ್ಟೆ" ಎಂದ ನರಸಿಂಹಯ್ಯ.

ಅಷ್ಟರಲ್ಲಿ ಬಾಗಿಲಲ್ಲಿ ಕೃಷ್ಣಸ್ವಾಮಿ ಕಂಡ. ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ. ಯಾರೂ ಕೇಳದಿದ್ದರೂ, "ಮಾರ್ಕೆಟ್ ಕಡೆ ಹೋಗಿದ್ದೆ ಭಾವ" ಎನ್ನುತ್ತ ಜೇಬಿನಿಂದ ಹಳದಿ ಬಣ್ಣದ ದುಂಡನೆಯ ನಿಂಬೆಹಣ್ಣೊಂದನ್ನು ತೆಗೆದು ನೀಡಿದ. ನರಸಿಂಹಯ್ಯ ಅದನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಿದ.

"ನಡೆಯುತ್ತೆ ಬಿಡು" ಎಂದ.